ಬಾಣಂತಿಗೆ ಸಲ್ಲಬೇಕಾದ ಹಣ

(ಬೆಂಗಳೂರು ರಾಜಾಜಿನಗರದಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಾಣಂತಿಯ ಮತ್ತು ಹಸುಗೂಸಿನ ಮಾತು ಆಡಲು ನಾವು ಇಂದು ಬಂದಿದ್ದೇವೆ. ಹೆಂಗಸರ ವಿಷಯ, ಸಂಘಕ್ಕೇನು ಎಂದು ಯಾರೂ ಎದ್ದು ಹೋಗಬೇಡಿ. ಬಿನ್ನಿ, ಮಿನರ್ವ ಮಿಲ್ಲುಗಳು ಮುಚ್ಚಿದುವು. ಇಂದು ಮೈಸೂರು ರಸ್ತೆ, ಪೀಣ್ಯಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರು ಹೆಚ್ಚಾಗಿ ಹೆಂಗಸರೇ. ಕೂಲಿಯ ಮಾತೆಂದರೆ ಈಗ ಹೆರಿಗೆಯ ಮಾತೂ ಹೌದು.

2013ರಲ್ಲಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಆರಂಭವಾಯಿತು. ಅದರ ನಿಯಮದಂತೆ ಕೊಳಚೆ ಪ್ರದೇಶಗಳಲ್ಲಿ 50ರಿಂದ 100 ಮನೆಗಳಿಗೆ ಒಂದು ಮಹಿಳಾ ಆರೋಗ್ಯ ಸಮಿತಿ. ಸಮಿತಿಗೆ ವರ್ಷಕ್ಕೆ 5000 ರೂಪಾಯಿ ಅನುದಾನ. ಯಾವುದಕ್ಕೆ ಖರ್ಚು ಮಾಡಬೇಕೆಂದು ಆ ಹೆಂಗಸರೇ ಕೂತು ತೀರ್ಮಾನಿಸಬೇಕು. ತತ್ತ್ವ ಒಳ್ಳೆಯದು. ಆದರೆ 100 ಮನೆಗೆ ಹಂಚಿ ನೋಡಿ: ಮನೆಗೆ ವರ್ಷಕ್ಕೆ 50 ರೂಪಾಯಿ, ವಾರಕ್ಕೆ ಒಂದು ರೂಪಾಯಿಯೂ ಇಲ್ಲ. ಅಂಗಡಿ ಇಟ್ಟವರಿಗೆ ಈ ಲೆಕ್ಕವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಡಮೆಯೆಂದು ಬಿಟ್ಟುಬಿಡೋಣವೆ? ಕೂಡದು. ನಡುರಾತ್ರಿ ನೋವು ಕಾಣಿಸಿಕೊಂಡ ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ಆಟೋ ಬಾಡಿಗೆಗೆ ಕೈಸಾಲ ಹುಡುಕುವ ಮನೆಗಳು ನಮ್ಮ ಗಲ್ಲಿಗಳಲ್ಲುಂಟು. ಆ ಹೊತ್ತಿಗೆ ಸಮಿತಿಯ ಕೆಲವು ನೂರು ರೂಪಾಯಿ ಎರಡು ಜೀವ ಉಳಿಸಬಲ್ಲುದು.

ದೊಡ್ಡ ಬಾಕಿ ಬೇರೆಯೇ ಇದೆ. ಅದೇ 2013ರಲ್ಲಿ ಪಾರ್ಲಿಮೆಂಟು ಆಹಾರ ಭದ್ರತಾ ಕಾಯಿದೆ ಮಾಡಿತು. ತಾಯಿಗೆ 6000 ರೂಪಾಯಿಗೆ ಕಡಮೆಯಿಲ್ಲದಂತೆ ಹೆರಿಗೆ ಭತ್ಯ ಸಲ್ಲಬೇಕೆಂದು ಅದರ 4ನೆಯ ಕಲಂ ಹೇಳುತ್ತದೆ. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಕೊಡುವುದು ಚೊಚ್ಚಲ ಕೂಸಿಗೆ 5000. ಎರಡನೆಯದಕ್ಕೆ 6000, ಅದೂ ಹೆಣ್ಣಾದರೆ ಮಾತ್ರ. ಗಂಡು ಹೆತ್ತ ತಾಯಿಗೆ ಹಸಿವಿಲ್ಲವೆ? ಜನನಿ ಸುರಕ್ಷಾ ಯೋಜನೆಯ ಹಣ ಕೂಡಿಸಿಕೊಳ್ಳಿ ಎನ್ನುತ್ತಾರೆ. ಪಟ್ಟಣದಲ್ಲಿ ಅದು 600. ಕೂಡಿಸಿದರೂ 5600, ಕಾಯಿದೆಯ ಮಾತು ನಿಲ್ಲಲಿಲ್ಲ. ಅಂದಿನ ಬೇಳೆಯ ಬೆಲೆಯೂ ಇಂದು ಉಳಿದಿಲ್ಲ.

ಇ.ಎಸ್.ಐ. ವಂತಿಗೆ ಸಲ್ಲಿಸಿದ ಕೆಲಸಗಾರ್ತಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಭತ್ಯವುಂಟು; 2017ಕ್ಕೆ ಮುಂಚೆ 12 ವಾರವಿತ್ತು. ಆದರೆ ಕಂಟ್ರಾಕ್ಟರನು ಹೆಸರನ್ನೇ ಬರೆಸದಿದ್ದರೆ, ಇದೇ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಕಣ್ಣೆದುರಿಗಿದ್ದೂ ಆಕೆಗೆ ದೂರವೇ.

ಆದುದರಿಂದ ನಾವು ಮಾಡಬೇಕಾದುದು ಇಷ್ಟು. ಗಲ್ಲಿಯ ಸಮಿತಿಯ ಜಮಾಖರ್ಚನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಓದಿಸೋಣ. ಆಶಾ ಕಾರ್ಯಕರ್ತೆಯೊಡನೆ ಮನೆಮನೆಗೆ ಹೋಗಿ ಬಸುರಿಯರ ಅರ್ಜಿ ತುಂಬಿಸೋಣ. ಪ್ರತಿ ಕೆಲಸಗಾರ್ತಿಯ ಇ.ಎಸ್.ಐ. ನಂಬರನ್ನು ಸಂಘದ ಪುಸ್ತಕದಲ್ಲಿ ಬರೆದಿಡೋಣ. ನಂಬರಿಲ್ಲದವಳ ಪರವಾಗಿ ಸಂಘವೇ ಮಾಲೀಕನನ್ನು ಕೇಳಲಿ. ಕಾಯಿದೆಯ 6000ವನ್ನು ಪ್ರತಿ ಹೆರಿಗೆಗೂ ಪೂರ್ತಿ ಕೊಡಿರೆಂದು ಸರ್ಕಾರವನ್ನು ಒತ್ತಾಯಿಸೋಣ.

ಕೇಳುವುದಕ್ಕೆ ಸಂಕೋಚ ಬೇಡ. ನಾವು ಕೊಳ್ಳುವ ಸಾಬೂನಿನ ಮೇಲೂ ತೆರಿಗೆ ತೆತ್ತಿದ್ದೇವೆ. ಈ ಹಣ ನಮ್ಮದೇ.