ಇಲಿಗೆ ವಾಸಿಯಾದರೆ ಸಾಕೇ?



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು ಎಂದು ಸಂಘದವರು ಹೇಳಿದ್ದರು. ಆದರೆ ನಮ್ಮೂರ ಕಬಡ್ಡಿ ಹುಡುಗರು ಈಚೆಗೆ ನನ್ನನ್ನು ಕೇಳುತ್ತಿರುವುದೇ ಬೇರೆ. "ಅಣ್ಣಾ, ಮಂಡಿ ನೋವಿಗೆ ಪೆಪ್ಟೈಡ್ ಇಂಜೆಕ್ಷನ್ ಬಂದಿದೆಯಂತೆ, ಬೆಂಗಳೂರಲ್ಲಿ ಸಿಗುತ್ತಾ?" ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೂ ತಮ್ಮಂದಿರು ಕೇಳಿದ ಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಅಮೈನೋ ಆಮ್ಲಗಳನ್ನು ಹೂವಿನಂತೆ ಪೋಣಿಸಿದರೆ ಪ್ರೋಟೀನ್ ಎಂಬ ಮಾರುದ್ದದ ಮಾಲೆ. ಅದೇ ಗೇಣುದ್ದದ ತುಂಡಾದರೆ ಪೆಪ್ಟೈಡ್. ಪೆಪ್ಟೈಡ್ ಎಂದಾಕ್ಷಣ ಹೆದರಬೇಕಿಲ್ಲ. ನಮ್ಮ ಊರಲ್ಲೇ ಎಷ್ಟೋ ಜನ ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಇನ್ಸುಲಿನ್ ಕೂಡ 51 ಅಮೈನೋ ಆಮ್ಲಗಳ ಇಂಥದೇ ವಸ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಒಬ್ಬ ಹುಡುಗನಿಗೆ ಅದನ್ನು ಮೊದಲು ಚುಚ್ಚಿದಾಗ ಗುಣ ಕಾಣಲಿಲ್ಲ, ಮದ್ದು ಶುದ್ಧವಾಗಿಲ್ಲದೆ ಅಲರ್ಜಿಯಾಯಿತು. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಿಮಾಡಿಕೊಟ್ಟ ಮೇಲೆ, ಸುಮಾರು 12 ದಿನ ಬಿಟ್ಟು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಶುದ್ಧತೆ ಎಷ್ಟು ಮುಖ್ಯ ಎಂಬುದಕ್ಕೆ ಇದೇ ಸಾಕ್ಷಿ.

ಹುಡುಗರು ಕೇಳುತ್ತಿರುವುದು ಬಿಪಿಸಿ-157 ಎಂಬುದನ್ನು. ಇದರಲ್ಲಿ 15 ಅಮೈನೋ ಆಮ್ಲಗಳಿವೆ. ಜಠರರಸದಲ್ಲಿರುವ ಪ್ರೋಟೀನಿನ ತುಣುಕು ಎಂದು ಕ್ರೊಯೇಷಿಯಾದ ಝಾಗ್ರೆಬ್‌ನ ವಿಜ್ಞಾನಿಗಳು ಇದನ್ನು 1990ರ ದಶಕದಿಂದ ಅಧ್ಯಯನ ಮಾಡುತ್ತಿದ್ದಾರೆ. ಇಲಿಗಳಲ್ಲಿ ಸ್ನಾಯುರಜ್ಜು, ಮಾಂಸಖಂಡ, ಕರುಳಿನ ಗಾಯ ಬೇಗ ಮಾಗಿ, ಊತ ಇಳಿದದ್ದು ನಿಜ. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಬೆರಳೆಣಿಕೆಯಷ್ಟು, ಅವೂ ಚಿಕ್ಕವು. ಗಾಯದ ಜಾಗದಲ್ಲಿ ಹೊಸ ರಕ್ತನಾಳ ಬೆಳೆಯಲು ಇದು ನೆರವಾಗುತ್ತದೆ ಎನ್ನುತ್ತಾರೆ. ಮೈಯಲ್ಲಿ ಎಲ್ಲೋ ಅಡಗಿರುವ ಗಡ್ಡೆಗೂ ಬೆಳೆಯಲು ಹೊಸ ರಕ್ತನಾಳವೇ ಬೇಕು. ಆದ್ದರಿಂದಲೇ ತಜ್ಞರು ಅವಸರ ಬೇಡ ಎನ್ನುವುದು.

ನಮ್ಮ ಕೆಲಸದಲ್ಲೂ ಹೀಗೇ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿತು ಎಂದು ಒಂದು ಪ್ರೋಗ್ರಾಮನ್ನು ನೇರ ಬ್ಯಾಂಕಿನ ಸರ್ವರಿಗೆ ಹಾಕುವುದಿಲ್ಲ. ಹತ್ತು ಬಗೆಯ ಪರೀಕ್ಷೆ ದಾಟಬೇಕು. ಕೆಟ್ಟ ಪ್ರೋಗ್ರಾಮನ್ನು ಹಿಂದಕ್ಕೆ ತೆಗೆಯಬಹುದು, ಮೈಗೆ ಚುಚ್ಚಿದ್ದನ್ನು ತೆಗೆಯಲಾಗದು.

ಈ ಸೀಸೆಗಳ ಮೇಲೆ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಎಂದು ಮಾರುವವರೇ ಅಚ್ಚು ಹಾಕಿರುತ್ತಾರೆ. ಒಳಗೆ ಏನಿದೆ, ಎಷ್ಟಿದೆ ಎಂದು ನೋಡಿ ಹೇಳುವ ಡ್ರಗ್ ಇನ್ಸ್‌ಪೆಕ್ಟರ್ ಅಲ್ಲಿಲ್ಲ. ಆಟಗಾರರು ಇನ್ನೊಂದನ್ನೂ ನೆನಪಿಡಬೇಕು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2022ರಿಂದ ಬಿಪಿಸಿ-157 ಅನ್ನು ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿದೆ. ಇದರ ಜೊತೆಗೇ ಮಾರುವ ಟಿಬಿ-500 ಕೂಡ ಆ ಪಟ್ಟಿಯಲ್ಲಿದೆ. ರಾಜ್ಯ ತಂಡದ ಕನಸು ಕಾಣುವ ಹುಡುಗ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮಂಡಿ ಸರಿಹೋದರೂ ಅಂಗಳ ತಪ್ಪುತ್ತದೆ.

ಹಾಗಾದರೆ ನೋವಿಗೆ ಏನು ಮಾಡುವುದು? ಮೂಳೆ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿ ಮಾಡಿಸಿ, ಹೇಳಿದಷ್ಟು ವಾರ ಆಟ ಬಿಡಿ. ಪೋಷಕರೂ, ತರಬೇತುದಾರರೂ ಒಂದು ಟೂರ್ನಮೆಂಟಿಗಾಗಿ ಮಕ್ಕಳನ್ನು ಅವಸರಪಡಿಸಬೇಡಿ.

ಮಕ್ಕಳೇ, ಈ ಪೆಪ್ಟೈಡ್ ನಾಳೆ ಒಳ್ಳೆಯ ಔಷಧವೂ ಆಗಬಹುದು. ಅದನ್ನು ತೀರ್ಮಾನಿಸಲು ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ನಡೆಯಬೇಕು, ಅದನ್ನು ನಡೆಸುವವರು ಬೇಕು. ನಿಮ್ಮಲ್ಲಿ ಒಬ್ಬರು ಆ ಕೆಲಸಕ್ಕೆ ಹೋದರೆ ನಮ್ಮ ಶಾಲೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಡ.