ಹೊಟ್ಟೆ ನೋವನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ನಾನು ಮಾತಾಡಬೇಕೆಂದಿರುವುದು ಹೊಟ್ಟೆ ನೋವಿನ ಬಗ್ಗೆ. ನಾನು ಓದಿದ್ದು ಬಿ.ಇ., ಡಾಕ್ಟರಿಕೆ ಅಲ್ಲ. ಆದ್ದರಿಂದ ಔಷಧ ಹೇಳುವುದಿಲ್ಲ. ಯಾವ ನೋವಿಗೆ ತಡ ಮಾಡಬಾರದು ಎಂಬುದನ್ನಷ್ಟೇ ಹೇಳುತ್ತೇನೆ. ಅದನ್ನು ನಾನು ಕಲಿತದ್ದು ಇದೇ ಶಾಲೆಯ ಅಂಗಳದಲ್ಲಿ.

ಆಗ ನಾನು ಒಂಬತ್ತನೇ ತರಗತಿ. ಒಂದು ದಿನ ಬೆಳಿಗ್ಗೆ ಹೊಕ್ಕುಳ ಸುತ್ತ ಸಣ್ಣಗೆ ನೋವು ಶುರುವಾಯಿತು. ಸಂಜೆಯ ಹೊತ್ತಿಗೆ ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ಊಟ ಬೇಡವಾಯಿತು, ವಾಂತಿಯಾಯಿತು. ಅವ್ವನಿಗೆ ಹೇಳಿದರೆ ಬಟ್ಟಿ ಜಾರಿದೆ ಅಂತ ಹೊಟ್ಟೆ ತಿಕ್ಕಿಸುತ್ತಾಳೆ, ಗೆಳೆಯರಿಗೆ ಹೇಳಿದರೆ ನಗುತ್ತಾರೆ ಅಂತ ಬಾಯಿ ಬಿಡಲಿಲ್ಲ. ಮರುದಿನ ಪ್ರಾರ್ಥನೆಯಲ್ಲಿ ಬಾಗಿ ನಿಂತಿದ್ದ ನನಗೆ ಪಿ.ಟಿ. ಮಾಸ್ತರು, “ಯಾಕಲೇ, ನೆಟ್ಟಗ ನಿಂದ್ರಾಕ ಬರೂದಿಲ್ಲೇನು?” ಅಂತ ಗದರಿದರು. ಮುಖ ನೋಡಿದವರೇ ಸುಮ್ಮನಾದರು. ತಮ್ಮ ಲೂನಾ ಮೇಲೆ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟರು. ರಸ್ತೆಯ ಒಂದೊಂದು ತಗ್ಗಿಗೂ ಜೀವ ಹೋದಂತಾಗುತ್ತಿತ್ತು. ಅದು ಅಪೆಂಡಿಕ್ಸ್. ಅಂದೇ ಆಪರೇಷನ್ ಆಯಿತು. “ಇನ್ನೊಂದು ರಾತ್ರಿ ಕಳೆದಿದ್ದರೆ ಒಳಗೇ ಒಡೆಯುತ್ತಿತ್ತು” ಅಂದರು ಡಾಕ್ಟರು. ಆ ಮಾಸ್ತರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸರ್, ನಿಮ್ಮ ಆ ಗದರಿಕೆಗೆ ನಾನು ಋಣಿ.

ಈ ಲಕ್ಷಣಗಳನ್ನು ನೆನಪಿಡಿ. ಹೊಕ್ಕುಳ ಬಳಿ ಶುರುವಾಗಿ ಬಲಕ್ಕೆ ಇಳಿಯುವ ನೋವು, ಹಸಿವಿಲ್ಲದಿರುವುದು, ವಾಂತಿ, ಜ್ವರ, ಕೆಮ್ಮಿದರೆ ಅಥವಾ ನಡೆದರೆ ಹೆಚ್ಚಾಗುವ ನೋವು. ಇಂಥ ಹೊತ್ತಿನಲ್ಲಿ ಹೊಟ್ಟೆ ತಿಕ್ಕಿಸಬಾರದು, ಔಡಲೆಣ್ಣೆ ಕುಡಿಸಬಾರದು. ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಗಂಡು ಹುಡುಗರಿಗೆ ಇನ್ನೊಂದು ಮಾತು. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಅದು ಒಳಗೆ ತಿರುಚಿಕೊಂಡಿರಬಹುದು. ಕೆಲವು ಸಲ ಈ ನೋವು ಕೆಳಹೊಟ್ಟೆಯಲ್ಲಿ ಕಾಣಿಸುತ್ತದೆ. ನಿಮ್ಮ ವಯಸ್ಸಿನಲ್ಲೇ ಇದು ಹೆಚ್ಚು. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ, ತಡವಾದರೆ ಕಳೆದುಕೊಳ್ಳಬೇಕಾದೀತು. ನಾಚಿಕೆಗೆ ಅಷ್ಟು ಬೆಲೆ ಕೊಡಬೇಡಿ.

ಇನ್ನು ಮೂತ್ರದ ವಿಷಯ. ನಾವು ಓದುವಾಗ ನಮ್ಮ ಕ್ಲಾಸಿನ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಶೌಚಾಲಯಕ್ಕೆ ಚಿಲಕ ಇರಲಿಲ್ಲ, ನೀರೂ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಹದಿನೈದು ವರ್ಷಗಳ ಮೇಲೆ, ಬ್ಯಾಚಿನವರೆಲ್ಲ ಸೇರಿದಾಗ. ನೀರು ಕುಡಿಯದೆ, ಬಂದ ಮೂತ್ರ ತಡೆದುಕೊಂಡರೆ ಸೋಂಕು ಆಗುವ ಸಂಭವ ಹೆಚ್ಚು. ಉರಿ, ಮೇಲಿಂದ ಮೇಲೆ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಅದರ ಗುರುತು. ಚಳಿಜ್ವರ, ಪಕ್ಕೆ ನೋವು ಸೇರಿದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಬಸುರಿಯರಂತೂ ಒಂದು ದಿನವೂ ಕಾಯಬಾರದು. ಡಾಕ್ಟರು ಐದು ದಿನದ ಗುಳಿಗೆ ಕೊಟ್ಟರೆ ಎರಡನೇ ದಿನಕ್ಕೇ ಉರಿ ಹೋಯಿತೆಂದು ಬಿಡಬೇಡಿ.

ಎ.ಸಿ. ಆಫೀಸಿನಲ್ಲಿ ನೀರು ಮರೆತು ಕೂತ ನನಗೂ ಕಲ್ಲು ಬಂತು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ಆ ನೋವು ಅನುಭವಿಸಿದವರಿಗೇ ಗೊತ್ತು. “ಬೀರ್ ಕುಡಿ, ಕಲ್ಲು ಬೀಳ್ತೈತಿ” ಅನ್ನುವ ಗೆಳೆಯರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಹೊಲದಲ್ಲಿರಲಿ, ಆಫೀಸಿನಲ್ಲಿರಲಿ, ಮೂತ್ರ ತಿಳಿಬಣ್ಣಕ್ಕೆ ಬರುವಷ್ಟು ನೀರು ಕುಡಿಯಿರಿ. ಕಲ್ಲಿನ ನೋವಿನ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ಅಥವಾ ರಕ್ತ ಕಂಡರೆ ತಡ ಮಾಡಬೇಡಿ. ರಾತ್ರಿ ನಾಲ್ಕು ಸಲ ಏಳುವ, ಧಾರೆ ಸಣ್ಣದಾದ ಹಿರಿಯರು ‘ವಯಸ್ಸಾಯಿತು’ ಅಂತ ಸುಮ್ಮನಿರಬೇಡಿ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು, ಅದಕ್ಕೆ ಔಷಧವಿದೆ.

ಕೊನೆಯ ಮಾತು ಹೇಳಲು ನನಗೆ ಕಷ್ಟ. ನನ್ನ ಚಿಗವ್ವ ಮೂವತ್ತೆರಡನೇ ವಯಸ್ಸಿಗೆ ಗರ್ಭಚೀಲ ತೆಗೆಸಿಕೊಂಡಳು. ಅವಳಿಗೆ ಇದ್ದದ್ದು ಬಿಳಿಸೆರಗು ಮತ್ತು ಸೊಂಟ ನೋವು. “ಬಿಟ್ಟರೆ ಕ್ಯಾನ್ಸರ್ ಆಗ್ತೈತಿ” ಅಂದರಂತೆ. ಸ್ಕ್ಯಾನಿಂಗ್ ಬಿಟ್ಟರೆ ಬೇರೆ ಪರೀಕ್ಷೆ ಇಲ್ಲ, ಮೊದಲು ಗುಳಿಗೆ ಕೊಟ್ಟು ನೋಡಿದ್ದೂ ಇಲ್ಲ. ಬಂಗಾರ ಒತ್ತೆ ಇಟ್ಟು ಆಪರೇಷನ್ ಮಾಡಿಸಿದರು. ಆಮೇಲೆ ಮೈ ಕಾವು, ನಿದ್ದೆಗೇಡು, ಮೊಣಕಾಲು ನೋವು. ಹತ್ತಿ ಹೊಲದಲ್ಲಿ ಬಾಗಿ ಕಸ ತೆಗೆಯುವುದು ಅವಳಿಗೆ ಆಗಲೇ ಇಲ್ಲ. ನಾನಾಗ ಬಿ.ಇ. ಎರಡನೇ ವರ್ಷ. ಹೆಣ್ಣುಮಕ್ಕಳ ವಿಷಯ ಅಂತ ನನಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಓದಿದವನು ನಾನೊಬ್ಬನೇ, ನಾನೂ ಕೇಳಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಅಗತ್ಯವಿಲ್ಲದೆ ಗರ್ಭಕೋಶ ತೆಗೆದಿದ್ದಾರೆಂದು 2015ರಲ್ಲಿ ಕಲಬುರಗಿಯಲ್ಲಿ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದರು. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಹೆಣ್ಣುಮಕ್ಕಳೂ ಇದೇ ದೂರು ಹೊತ್ತು ಹೋರಾಡಿದರು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಆಪರೇಷನ್ ಕುರಿತು ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು.

ತಾಯಂದಿರೇ, ಸ್ವಲ್ಪ ಬಿಳಿಸೆರಗು ಸಹಜ. ದುರ್ವಾಸನೆ, ತುರಿಕೆ, ಬಣ್ಣ ಬದಲಾವಣೆ ಇದ್ದರೆ ಹೆಚ್ಚಾಗಿ ಅದು ಸೋಂಕು, ಔಷಧದಿಂದ ಗುಣವಾಗುತ್ತದೆ. ಆದರೆ ಕೆಲವು ಲಕ್ಷಣಗಳನ್ನು ಮುಚ್ಚಿಡಬೇಡಿ. ಮುಟ್ಟು ಏಳು ದಿನ ಮೀರುವುದು, ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುವುದು, ಮುಟ್ಟು ನಿಂತ ಮೇಲೆ ಅಥವಾ ಗಂಡ-ಹೆಂಡಿರು ಕೂಡಿದ ಮೇಲೆ ರಕ್ತ ಕಾಣುವುದು, ಇವೆಲ್ಲ ತಪಾಸಣೆ ಬೇಡುವಂಥವು. ಮುಟ್ಟು ತಪ್ಪಿ, ಹೊಟ್ಟೆ ನೋವು ಬಂದು, ತಲೆ ಸುತ್ತಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಗರ್ಭಚೀಲ ತೆಗೆಸಲೇಬೇಕಾದ ಕಾಯಿಲೆಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಿ: ಕಾಯಿಲೆಯ ಹೆಸರೇನು? ಯಾವ ಪರೀಕ್ಷೆಯಿಂದ ಗೊತ್ತಾಯಿತು? ಔಷಧದಿಂದ ಆಗುವುದಿಲ್ಲವೇ? ಉತ್ತರ ಬರೆಸಿಕೊಂಡು ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ.ಗೋ (ಹಿಂದಿನ ಕಿಮ್ಸ್) ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಗಂಡಸರೇ, ಜೊತೆಗೆ ನೀವೂ ಹೋಗಿ.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ, ಕಟ್ಟಿಸೋಣ. ಅದಕ್ಕೂ ಮೊದಲು ಹೆಣ್ಣುಮಕ್ಕಳ ಶೌಚಾಲಯಕ್ಕೆ ದಿನವಿಡೀ ನೀರು, ಗಟ್ಟಿ ಚಿಲಕ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇವೆಯೇ ಎಂದು ನೋಡೋಣ. ಏನು ಕಡಿಮೆಯಿದೆಯೋ ಅದನ್ನು ನಮ್ಮ ಬ್ಯಾಚ್ ಮಾಡಿಕೊಡುತ್ತದೆ. ಮಕ್ಕಳೇ, ಹೊಟ್ಟೆ ನೋವು ಬಂದರೆ ಹೇಳಿ. ಗುರುಗಳೇ, ಬಾಗಿ ನಿಂತ ಮಗುವಿನ ಮುಖವನ್ನೊಮ್ಮೆ ನೋಡಿ.