ಗಡಿಯ ಒಂದು ಪ್ರಾಂತ: ದಕ್ಷಿಣ ಟಿರೋಲ್



ಯುರೋಪಿನ ಭೂಪಟವನ್ನು ಬೋಧಿಸುವಾಗ ಇಟಲಿಯ ಉತ್ತರ ತುದಿಯ ದಕ್ಷಿಣ ಟಿರೋಲ್ ಪ್ರಾಂತವನ್ನು ವಿದ್ಯಾರ್ಥಿಗಳಿಗೆ ತೋರಿಸಿರಿ. ಆಲ್ಪ್ಸ್ ಪರ್ವತಗಳ ನಡುವಣ ಈ ಪ್ರಾಂತದ ವಿಸ್ತೀರ್ಣ ಸುಮಾರು 7,400 ಚದರ ಕಿಲೋಮೀಟರ್. ಅತ್ಯುನ್ನತ ಶಿಖರ 3,905 ಮೀಟರ್ ಎತ್ತರದ ಓರ್ಟ್ಲರ್. ಜನವಸತಿಯೆಲ್ಲ ಹೆಚ್ಚಾಗಿ ಆಡಿಜೆ ಮೊದಲಾದ ನದಿಗಳ ಕಣಿವೆಗಳಲ್ಲಿದೆ. ಆಡಳಿತ ವಿಭಾಗಗಳೂ ಬಹುಮಟ್ಟಿಗೆ ಕಣಿವೆಗಳನ್ನೇ ಅನುಸರಿಸಿವೆ: ರಾಜಧಾನಿ ಬೋಲ್ಜಾನೊ ಸೇರಿ ಎಂಟು ವಿಭಾಗಗಳು, ಅವುಗಳೊಳಗೆ 116 ಸ್ಥಳೀಯಾಡಳಿತ ಘಟಕಗಳು.

ಮೊದಲನೆಯ ಮಹಾಯುದ್ಧದ ಬಳಿಕ, 1919ರ ಒಪ್ಪಂದದಂತೆ, ಆಸ್ಟ್ರಿಯಾದ ಈ ಭೂಭಾಗ ಇಟಲಿಯ ಪಾಲಾಯಿತು. ಬ್ರೆನ್ನರ್ ಕಣಿವೆದಾರಿ ಗಡಿಯಾಯಿತು. ಫ್ಯಾಸಿಸ್ಟ್ ಆಡಳಿತವು ಜರ್ಮನ್ ಶಾಲೆಗಳನ್ನು ನಿಲ್ಲಿಸಿದಾಗ ಶಿಕ್ಷಕಿಯರು ಮನೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ತಾಯ್ನುಡಿಯ ಅಕ್ಷರ ಕಲಿಸಿದರು. 1972ರ ಸ್ವಾಯತ್ತತಾ ಶಾಸನದ ಮೇರೆಗೆ ಈಗ ಜರ್ಮನ್ ಹಾಗೂ ಇಟಾಲಿಯನ್ ಶಾಲೆಗಳಲ್ಲಿ ಆಯಾ ಮಾತೃಭಾಷೆಯ ಶಿಕ್ಷಕರೇ ಬೋಧಿಸುತ್ತಾರೆ. ಲಾಡಿನ್ ನುಡಿಯ ಕಣಿವೆಗಳಲ್ಲಿ ಮೂರು ಭಾಷೆಗಳಿಗೂ ಸ್ಥಾನವಿದೆ.

ಕನ್ನಡ ಬಾರದ ಶಿಕ್ಷಕರ ನೇಮಕದಿಂದಾಗುವ ತೊಡಕನ್ನು ಕಾಸರಗೋಡು ಬಲ್ಲದು. ಆದುದರಿಂದ ಈ ಪಾಠದಲ್ಲಿ ಅಂಕಿಗಳ ಕಂಠಪಾಠಕ್ಕಿಂತ ನಕಾಶೆಯ ಕೆಲಸ ಮುಖ್ಯ. ಕಣಿವೆ, ಗಡಿ, ಭಾಷೆಗಳನ್ನು ಮೂರು ಬಣ್ಣಗಳಲ್ಲಿ ಗುರುತಿಸಲಿ. ಬಳಿಕ ತಮ್ಮ ತಾಲ್ಲೂಕಿನ ನಕಾಶೆಯಲ್ಲಿಯೂ ಅದನ್ನೇ ಮಾಡಲಿ. ರಾಜ್ಯಗಳ ಪುನರ್ವಿಂಗಡಣೆಯ ಕಾಲದ ಸಂಗತಿಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಲಿ.